ಎರವಲು ತಂಡ ಯಾರದು?

ಈ ವಾರ ನ್ಯಾಸೊ ಕೌಂಟಿಯ ಪಿಚ್ಚಿಗೆ ಒಂದಿಷ್ಟು ಬೈಯಬೇಕೆಂದು ಕೂತಿದ್ದೆ. 2024ರ ಟಿ20 ವಿಶ್ವಕಪ್‌ನಲ್ಲಿ ಭಾರತ 119ಕ್ಕೆ ಆಲೌಟಾಗಿಯೂ ಪಾಕಿಸ್ತಾನವನ್ನು 6 ರನ್ನಿನಿಂದ ಸೋಲಿಸಿತಲ್ಲ, ಅದೇ ಪಿಚ್ಚು. ಅಡಿಲೇಡಿನ ಕ್ಯುರೇಟರ್ ಫ್ಲಾರಿಡಾದಲ್ಲಿ ಟ್ರೇಗಳಲ್ಲಿ ಬೆಳೆಸಿ, ಲಾರಿಯಲ್ಲಿ ನ್ಯೂಯಾರ್ಕಿಗೆ ಸಾಗಿಸಿದ್ದು. ಅಂದರೆ ಪಿಚ್ಚೂ ವಲಸೆ ಬಂದದ್ದೇ! ಬೈಗುಳ ಬಾಯಲ್ಲೇ ಉಳಿಯಿತು.

ಅದೇ ಟೂರ್ನಿಯಲ್ಲಿ ಅಮೆರಿಕ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದಾಗ, 'ಎರವಲು ತಂಡ ಕಣ್ರೀ' ಎಂದು ಮೂಗು ಮುರಿದವರಿದ್ದರು. ಅವರೊಡನೆ ನನ್ನದೊಂದು ಹಳೆಯ ಲೆಕ್ಕ ಬಾಕಿಯಿದೆ. 2019ರಲ್ಲಿ ವಿಶ್ವಕಪ್ ಎತ್ತಿದ ಇಂಗ್ಲೆಂಡಿನ ನಾಯಕ ಮಾರ್ಗನ್ ಹುಟ್ಟಿದ್ದು ಡಬ್ಲಿನ್‌ನಲ್ಲಿ, ಸ್ಟೋಕ್ಸ್ ಕ್ರೈಸ್ಟ್‌ಚರ್ಚ್‌ನಲ್ಲಿ, ಸೂಪರ್ ಓವರ್ ಎಸೆದ ಆರ್ಚರ್ ಬಾರ್ಬಡೋಸ್‌ನಲ್ಲಿ. ಆಗ ಇವರ ಮೂಗು ನೆಟ್ಟಗೇ ಇತ್ತು.

1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್ ವಲಸಿಗರಿಗೊಂದು 'ಕ್ರಿಕೆಟ್ ಪರೀಕ್ಷೆ' ಒಡ್ಡಿದ್ದ: ನೀವು ಚಪ್ಪಾಳೆ ತಟ್ಟುವುದು ಯಾವ ತಂಡಕ್ಕೆ? ವಲಸಿಗ ಎಂದರೆ ಗ್ಯಾಲರಿಯಲ್ಲಿ ಕೂರುವವ ಎಂದೇ ಆತನ ಎಣಿಕೆ. ಅಂಗಳಕ್ಕಿಳಿದವನನ್ನು ಯಾವ ಪ್ರಶ್ನೆ ಕೇಳುವುದು?

ನೊಸ್ತುಶ್ ಕೆಂಜಿಗೆಯನ್ನೇ ನೋಡಿ. ಅಲಬಾಮಾದಲ್ಲಿ ಹುಟ್ಟಿದ, ಚಿಕ್ಕಮಗಳೂರು ಮೂಲದ ಹುಡುಗ. ಮಗುವಾಗಿದ್ದಾಗಲೇ ಇತ್ತ ಬಂದು, ಬೆಂಗಳೂರಿನ ಲೀಗ್‌ಗಳಲ್ಲಿ ಆಡಿ, 2015ರಲ್ಲಿ ಮತ್ತೆ ಅತ್ತ ಹೋದವನು. ಎಡಗೈ ಸ್ಪಿನ್ನರ್. ಎಡಗೈ ಸ್ಪಿನ್ನೆಂದರೆ ನನಗೊಂದು ಗೀಳು. ರಘುರಾಮ್ ಭಟ್ಟರ ತಿರುವಿಗೆ ಗಾವಸ್ಕರ್ ಚಿನ್ನಸ್ವಾಮಿಯಲ್ಲಿ ಎಡಗೈ ಆಟಗಾರನಾಗಿ ನಿಂತ ಕಥೆಯನ್ನು ಇಲ್ಲಿ ಎಷ್ಟು ಸಲ ಕೊರೆದಿದ್ದೇನೋ! ಡಲ್ಲಾಸ್‌ನಲ್ಲಿ ಕೆಂಜಿಗೆ 40 ರನ್ ಹೊಡೆದು ಕುದುರಿದ್ದ ಶಾದಾಬ್‌ನನ್ನು ಔಟ್ ಮಾಡಿದ. ಮರುಚೆಂಡಿಗೇ ಆಜಂ ಖಾನ್ ಎಲ್‌ಬಿಡಬ್ಲ್ಯು. 30 ರನ್ನಿಗೆ 3 ವಿಕೆಟ್. 'ನಮ್ಮ ಹುಡುಗ' ಎಂದು ಇಲ್ಲಿ ನಾವು ಬೀಗಿದೆವು. ಸ್ಕೋರ್‌ಕಾರ್ಡಿನಲ್ಲಿ ಅವನು ಅಮೆರಿಕದವನು. ಎರಡೂ ನಿಜ.

ಆರು ದಿನ ಕಳೆಯಿತು. ನ್ಯಾಸೊದಲ್ಲಿ ಭಾರತದ ಎದುರು ಅಮೆರಿಕ. ಕೊಹ್ಲಿ ಎದುರಿಸಿದ ಮೊದಲ ಚೆಂಡೇ ಬ್ಯಾಟಿನ ಅಂಚು ಸವರಿ ಹಿಂದಕ್ಕೆ ಹೋಯಿತು. ಎಸೆದವನು ಮುಂಬೈಯ ನೇತ್ರವಳ್ಕರ್, 2010ರ 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಜೊತೆ ಭಾರತಕ್ಕೆ ಆಡಿದವನು. ಹಿಡಿದವನು ದಕ್ಷಿಣ ಆಫ್ರಿಕಾದಿಂದ ಬಂದ ಗೌಸ್. ಟೀವಿಯ ಮುಂದೆ ನಾನು ಕೊಹ್ಲಿಗಾಗಿ ಹಣೆ ಚಚ್ಚಿಕೊಂಡೆ. ಅದೇ ಕೈ ನೇತ್ರವಳ್ಕರನಿಗೆ ಚಪ್ಪಾಳೆಯನ್ನೂ ತಟ್ಟಿತು.

ಊರು ಬಿಟ್ಟು ಕದಲದ ನಾನು ಟೆಬಿಟ್ ಪರೀಕ್ಷೆಯಲ್ಲಿ ಡುಮ್ಕಿ.