ಬ್ರಷ್‌ಗೆ ಕಾಳಿ ಅಳಿವೆಯ ಪರೀಕ್ಷೆ

ಕಾರವಾರ ಬಂದರಿನ ನೀರಿಗೆ ಹಲಗೆ ಇಳಿಬಿಟ್ಟರೆ ಕೆಲವೇ ದಿನಗಳಲ್ಲಿ ಲೋಳೆ ಹಿಡಿಯುತ್ತದೆ. ಆಮೇಲೆ ಬಾರ್ನಕಲ್, ನೀಲಿಕಲ್ಲು, ಕಲ್ವ. ದೋಣಿಯಾದರೆ ಅಡಿ ಕೆರೆದು ಬಣ್ಣ ಬಳಿಯಬಹುದು. ನೀರಿನ ಆಮ್ಲೀಯತೆ ಅಳೆಯುವ ಸಿಲಿಕಾನ್ ಚಿಪ್ ಕೆರೆಯುವಂತಿಲ್ಲ. 1970ರಲ್ಲಿ ಪೀಟ್ ಬರ್ಗ್‌ವೆಲ್ಡ್ ರೂಪಿಸಿದ ಅಯಾನು ಗ್ರಹಿಸುವ ಟ್ರಾನ್ಸಿಸ್ಟರ್ ಇಂಥದ್ದು. ಅರೆವಾಹಕದ ಮೈಮೇಲೆ ಪಾಲಿಮರ್ ಸರಪಳಿಗಳ ಬ್ರಷ್ ಬೆಳೆಸಿ ಲೋಳೆಯನ್ನು ತಡೆಯುವ ವಿದ್ಯೆಯನ್ನು ಈ ಕರಾವಳಿಯಲ್ಲಿ ನಿಂತು ತೂಗಿ ನೋಡಬೇಕೆನಿಸುತ್ತದೆ.

ಗಾಳಿ ತಾಕಿದ ಸಿಲಿಕಾನ್ ಮೇಲೆ ಒಂದೆರಡು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತದೆ. ಅದಕ್ಕೆ ಸಿಲೇನ್ ಅಣುಗಳನ್ನು ಕೂರಿಸುತ್ತಾರೆ. ಅವುಗಳ ತುದಿಯ ಬ್ರೋಮಿನ್‌ನಿಂದ, ತಾಮ್ರದ ವೇಗವರ್ಧಕದ ನೆರವಿನಲ್ಲಿ, ಸರಪಳಿ ಮೇಲೇಳುತ್ತದೆ. ಸಿದ್ಧ ಸರಪಳಿಗಳನ್ನು ತಂದು ಅಂಟಿಸಿದರೆ ಮೊದಲು ಕೂತವು ಉಳಿದವಕ್ಕೆ ಜಾಗ ಬಿಡುವುದಿಲ್ಲ. ಮೈಮೇಲೆಯೇ ಬೆಳೆಸುವುದೆಂದರೆ ಸಸಿ ತಂದು ನೆಡುವ ಬದಲು ಗದ್ದೆಯಲ್ಲೇ ಒತ್ತಾಗಿ ಬಿತ್ತಿದ ಹಾಗೆ. ಬಾಗಲು ಎಡೆಯಿಲ್ಲದ ಸರಪಳಿಗಳು ನೆಟ್ಟಗೆ ನಿಲ್ಲುತ್ತವೆ, ನೀರು ಹಿಡಿಯುತ್ತವೆ. ಪ್ರೋಟೀನಿಗೆ ಅಂಟಲು ನೆಲೆ ಸಿಗುವುದಿಲ್ಲ. 1995ರಲ್ಲಿ ಮತ್ಯಶೆವ್ಸ್ಕಿ ಮತ್ತು ಸವಾಮೊಟೊ ಪ್ರತ್ಯೇಕವಾಗಿ ಪ್ರಕಟಿಸಿದ ಪಾಲಿಮರೀಕರಣ ವಿಧಾನ ಸರಪಳಿಯ ಬೆಳವಣಿಗೆಯ ಮೇಲೆ ಈ ಹಿಡಿತವನ್ನು ಸಾಧ್ಯವಾಗಿಸಿತು. ಬೆಳೆಸುವ ಕೌಶಲಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ವಿಷವಿಲ್ಲದೆ ಲೋಳೆ ತಡೆಯಬೇಕೆಂಬ ತತ್ವವೂ ಸರಿ: ತವರ ಬೆರೆತ ಹಡಗಿನ ಬಣ್ಣಗಳು ಕಡಲ ಶಂಖಜೀವಿಗಳನ್ನೇ ಕೆಡಿಸುತ್ತಿದ್ದವು, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅವನ್ನು ನಿಷೇಧಿಸಿತು. ಬಳಚು, ಕಲ್ವ ಉಣ್ಣುವ ಊರುಗಳಿಗೆ ಇದು ಸಣ್ಣ ಮಾತಲ್ಲ.

ನನ್ನ ತಕರಾರು ಬಾಳಿಕೆಯದು. ಪ್ರೋಟೀನ್ ದ್ರಾವಣದಲ್ಲಿ ಕೆಲವು ಗಂಟೆ ಅದ್ದಿ ತೆಗೆದು ಗೆದ್ದಿತೆನ್ನುವುದು ಸಾಲದು. ಹೆಸರುವಾಸಿಯಾದ ಸಲ್ಫೊಬೀಟೈನ್ ಬ್ರಷ್ಷನ್ನೇ ನೋಡಿ. ಅದರ ಪ್ರತಿ ಘಟಕದಲ್ಲೂ ಧನ, ಋಣ ಎರಡೂ ವಿದ್ಯುದಂಶಗಳಿವೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ಸೆಳೆದು ಬ್ರಷ್ ಕುಗ್ಗುತ್ತದೆ, ಉಪ್ಪುನೀರಿನಲ್ಲಿ ಹಿಗ್ಗುತ್ತದೆ. ತೆರೆದ ಕಡಲಿಗೆ ಇದು ಅನುಕೂಲವೇ. ಆದರೆ ಕಾರವಾರದ ಕಾಳಿ ಅಳಿವೆಯಲ್ಲಿ ಬೇಸಿಗೆಗೆ ಉಪ್ಪು ಹೊಳೆಯೊಳಕ್ಕೆ ಏರಿದರೆ, ಆಷಾಢಕ್ಕೆ ಘಟ್ಟದ ನೀರು ಅದನ್ನು ಹೊರಕ್ಕೆ ದಬ್ಬುತ್ತದೆ. ಅಂಕೋಲೆಯ ಮಂಜಗುಣಿಯಲ್ಲಿ ಕಡಲು ಸೇರುವ ಗಂಗಾವಳಿಯದೂ ಇದೇ ಪಾಡು. ಬ್ರಷ್ ಹಿಗ್ಗಿದಾಗ ಒತ್ತಾದ ಸರಪಳಿಗಳ ಎಳೆತವೆಲ್ಲ ಬುಡದ ಸಿಲಿಕಾನ್–ಆಮ್ಲಜನಕ ಬಂಧದ ಮೇಲೆ ಬೀಳುತ್ತದೆ. ನೀರು ಕಡಿಯುವುದೂ ಆ ಬಂಧವನ್ನೇ. ಯಾವ ದಟ್ಟಣೆ ಬ್ರಷ್‌ಗೆ ಬಲ ಕೊಟ್ಟಿತೋ ಅದೇ ಅದರ ಬುಡವನ್ನು ಸಡಿಲಿಸುತ್ತದೆ. ತೆಳುವಾಗಿ, ಸ್ವಲ್ಪ ವಿರಳವಾಗಿ ಬೆಳೆಸಿದ್ದು ಹೆಚ್ಚು ಬಾಳೀತೇನೋ. ದಪ್ಪವನ್ನೇ ಸಾಧನೆಯೆಂದು ಎಣಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ.

ಈ ಬಾಳಿಕೆಯನ್ನು ಇಲ್ಲೇ ಪರೀಕ್ಷಿಸಬಹುದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಿಪ್ ತಯಾರಿಸಬಲ್ಲ ನ್ಯಾನೊ ಕೇಂದ್ರವಿದೆ. ಬ್ರಷ್ ಬೆಳೆಸಿದ ಸಿಲಿಕಾನ್ ತುಂಡುಗಳನ್ನು ಮೇ ತಿಂಗಳಲ್ಲಿ ಕಾರವಾರ ಬಂದರು, ಬೇಲೆಕೇರಿ, ಮಂಜಗುಣಿಯಲ್ಲಿ ಇಳಿಬಿಟ್ಟು, ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಎತ್ತಿ, ಹಿಡಿದ ಲೋಳೆಯ ಜೊತೆಗೆ ಉಳಿದ ಬ್ರಷ್‌ನ ದಪ್ಪವನ್ನೂ ಅಳೆಯಬೇಕು.