ಪುಸ್ತಕ ವಿಮರ್ಶೆಯ ರುಚಿ: ಹೊಸ ಓದುಗರಿಗೊಂದು ಕೈಪಿಡಿ

ಭಾನುವಾರದ ಪುರವಣಿ ಕೈಗೆ ಬಂದರೆ ಕಥೆ, ಪ್ರಬಂಧಗಳನ್ನು ಆಸೆಯಿಂದ ಓದುವ ಅನೇಕರು ಪುಸ್ತಕ ವಿಮರ್ಶೆಯ ಪುಟಕ್ಕೆ ಬಂದಾಗ ಮುಖಪುಟದ ಚಿತ್ರ, ಪುಟ, ಬೆಲೆ ನೋಡಿ ಹಾಳೆ ಮಗುಚುತ್ತಾರೆ. ವಿಮರ್ಶೆ ಪಂಡಿತರ ವ್ಯವಹಾರ ಎಂಬ ಅಂಜಿಕೆ ಇದಕ್ಕೆ ಕಾರಣ. ಆದರೆ ವಿಮರ್ಶೆಯ ಬೇರಿನಲ್ಲಿರುವುದು ತೀರ ಸರಳವಾದ ಆಸೆ: ಓದಿ ನನಗಾದ ಸಂತೋಷ ನಿಮಗೂ ಆಗಲಿ. ಕಥೆಯನ್ನು ಸವಿದಂತೆ ವಿಮರ್ಶೆಯನ್ನೂ ಸವಿಯಬಹುದು. ಸ್ವಲ್ಪ ಅಭ್ಯಾಸ ಬೇಕು, ಅಷ್ಟೆ.

ಮೊದಲು ಬಗೆ ತಿಳಿಯಿರಿ

ಒಂದು ಪುಸ್ತಕದ ಸುತ್ತ ನಾಲ್ಕು ಬಗೆಯ ಬರಹಗಳು ಹುಟ್ಟುತ್ತವೆ. ಬೆನ್ನುಡಿ ಓದುಗರನ್ನು ಕರೆಯುತ್ತದೆ. ಮುನ್ನುಡಿ ಸಾಮಾನ್ಯವಾಗಿ ಲೇಖಕರ ಕೋರಿಕೆಯ ಮೇಲೆ ಹಿರಿಯರು ಬರೆಯುವಂಥದ್ದು. ಅದರಲ್ಲಿ ಹರಕೆಯ ಧ್ವನಿ ಸಹಜ. ಪುಸ್ತಕ ಪರಿಚಯ ಒಳಗೇನಿದೆ ಎಂದು ತಿಳಿಸುತ್ತದೆ. ವಿಮರ್ಶೆ ಇನ್ನೂ ಮುಂದೆ ಹೋಗಿ, ಇರುವುದು ಹೇಗಿದೆ, ಅದರಿಂದ ಕೃತಿ ಏನು ಸಾಧಿಸಿತು ಎಂದು ಕೇಳುತ್ತದೆ. ನಾಲ್ಕಕ್ಕೂ ಅವುಗಳದೇ ಸ್ಥಾನವಿದೆ. ಮುನ್ನುಡಿಯಲ್ಲಿ ಕುಂದುಗಳ ಲೆಕ್ಕ ಹುಡುಕಬೇಡಿ. ವಿಮರ್ಶೆಯಲ್ಲಿ ಬರೀ ಹೊಗಳಿಕೆಯಿದ್ದರೆ ತೃಪ್ತಿಪಡಬೇಡಿ.

ತೀರ್ಪಿಗಿಂತ ಆಧಾರ ದೊಡ್ಡದು

'ಅದ್ಭುತ ಕೃತಿ', 'ಎಲ್ಲರೂ ಓದಲೇಬೇಕು' ಎಂಬ ಮಾತುಗಳು ಯಾವ ಪುಸ್ತಕಕ್ಕಾದರೂ ಹೊಂದುತ್ತವೆ. ಆ ಒಂದೇ ಪುಸ್ತಕಕ್ಕೆ ಹೊಂದುವ ಮಾತು ಎಲ್ಲಿದೆ ಎಂದು ನೋಡಿ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ತೆಗೆದುಕೊಳ್ಳಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕಥೆ ಎಂದರೆ ಪರಿಚಯವಾಯಿತು. ಊರವರಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಹೀಗೆ ಕಾದಂಬರಿ 'ಜ್ಞಾನ ಯಾರದು' ಎಂಬ ಪ್ರಶ್ನೆಯನ್ನು ನಗುನಗುತ್ತಲೇ ಎತ್ತುತ್ತದೆ ಎಂದರೆ ವಿಮರ್ಶೆ ಶುರುವಾಯಿತು. ಆ ನಗು ಯಾವ ಹಂತದಲ್ಲಿ ಬೆರಗಾಗಿ ತಿರುಗುತ್ತದೆ ಎಂದು ಸನ್ನಿವೇಶ ಹಿಡಿದು ತೋರಿಸಿದರೆ ಅದು ಒಳ್ಳೆಯ ವಿಮರ್ಶೆ. ಕೊನೆಯಲ್ಲಿ ಓತಿಯ ಗತಿ ಏನಾಯಿತೆಂದು ಹೇಳದೆ ಇಷ್ಟನ್ನೂ ಹೇಳುವುದು ಬರೆಯುವವರ ಸಂಯಮ. ಆ ಸಂಯಮವನ್ನು ಗುರುತಿಸಿದಾಗ ನಿಮಗೆ ವಿಮರ್ಶೆಯ ರುಚಿ ಹತ್ತಿತೆಂದೇ ಅರ್ಥ.

ಎರಡು ಸಲ ಓದಿ

ವಿಮರ್ಶೆಯನ್ನು ಪುಸ್ತಕ ಓದುವ ಮೊದಲೊಮ್ಮೆ, ಓದಿದ ಮೇಲೊಮ್ಮೆ ಓದಿ. ಮೊದಲ ಸಲ ಅದು ದಾರಿ ತೋರುತ್ತದೆ. ಎರಡನೆಯ ಸಲ ನೀವು ಸಮಾನರಾಗಿ ಎದುರು ಕೂತಿರುತ್ತೀರಿ: ಇದು ನನಗೆ ಕಂಡಿರಲಿಲ್ಲ, ಇದು ಇವರಿಗೆ ಕಂಡಿಲ್ಲ. ನಿಜವಾದ ಸುಖ ಈ ಎರಡನೆಯ ಓದಿನಲ್ಲಿದೆ.

ಭಿನ್ನಮತವನ್ನು ಹುಡುಕಿ ಓದಿ

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿ ಇದಕ್ಕೆ ಹೇಳಿ ಮಾಡಿಸಿದ ಪಾಠ. ಅಗ್ರಹಾರದ ಚಿತ್ರಣ ನ್ಯಾಯವಾದದ್ದೇ ಎಂದು ಕೆಲವರು ಕೇಳಿದರು. ಕಥಾನಾಯಕ ಪ್ರಾಣೇಶಾಚಾರ್ಯರ ಒಳತೋಟಿಯೇ ಕೃತಿಯ ಜೀವ ಎಂದು ಕೆಲವರು ಓದಿದರು. ಹೆಣ್ಣು ಪಾತ್ರಗಳಾದ ಚಂದ್ರಿ, ಭಾಗೀರಥಿಯರ ಮನಸ್ಸಿನೊಳಗೆ ಕಾದಂಬರಿ ಎಷ್ಟು ಹೊಕ್ಕಿದೆ ಎಂಬುದು ಸ್ತ್ರೀವಾದಿ ಓದಿನ ಪ್ರಶ್ನೆ. ಮೂರನ್ನೂ ಓದಿದವರು ಒಂದೇ ಕಾದಂಬರಿಯನ್ನು ಮೂರು ಸಲ ಹೊಸದಾಗಿ ಪಡೆಯುತ್ತಾರೆ.

ಕಷ್ಟದ ಪುಸ್ತಕಕ್ಕೆ ಜೊತೆಗಾರ

ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ನಂಜನಗೂಡು, ಚಾಮರಾಜನಗರ ಸೀಮೆಯ ಆಡುನುಡಿಯಲ್ಲಿದೆ. ಅದು ಸುಲಭಕ್ಕೆ ದಕ್ಕದೆಂದು ಕೆಳಗಿಟ್ಟವರಿದ್ದಾರೆ. ವಚನ ಸಾಹಿತ್ಯದ ವಿದ್ವಾಂಸರಾದ ಎಲ್. ಬಸವರಾಜು ಆ ಗದ್ಯದೊಳಗಿನ ಲಯವನ್ನು ಗುರುತಿಸಿ, ಅದನ್ನು ಪದ್ಯದ ಸಾಲುಗಳಾಗಿ ಜೋಡಿಸಿಕೊಟ್ಟರು. ಮೆಚ್ಚಿದ ಕೃತಿಯನ್ನು ಇನ್ನೊಬ್ಬರಿಗೆ ಮುಟ್ಟಿಸಲು ಒಬ್ಬ ಓದುಗ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇಂಥ ಪುಸ್ತಕಗಳನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಯಾರಿಂದ ಶುರು ಮಾಡಬೇಕು

ನೀವು ಈಗಾಗಲೇ ಓದಿ ಮೆಚ್ಚಿದ ಪುಸ್ತಕದ ವಿಮರ್ಶೆಯಿಂದ ಶುರು ಮಾಡಿ. ಆಮೇಲೆ ಜಿ.ಎಚ್. ನಾಯಕರ 'ಸಮಕಾಲೀನ' ಓದಿ. ಕೃತಿಗೆ ಅಂಟಿಕೊಂಡು ನಿಷ್ಠುರವಾಗಿ ಬರೆಯುವುದೆಂದರೇನು ಎಂದು ತಿಳಿಯುತ್ತದೆ. ಟಿ.ಪಿ. ಅಶೋಕ, ಎಂ.ಎಸ್. ಆಶಾದೇವಿ ಅವರ ಬರಹಗಳು ಹೊಸಬರನ್ನು ಕೈಹಿಡಿದು ನಡೆಸುತ್ತವೆ. ಪಾರಿಭಾಷಿಕ ಪದಗಳು ತೊಡರಿದರೆ ಓ.ಎಲ್. ನಾಗಭೂಷಣಸ್ವಾಮಿಯವರ 'ವಿಮರ್ಶೆಯ ಪರಿಭಾಷೆ' ಪಕ್ಕದಲ್ಲಿರಲಿ. ಕೀರ್ತಿನಾಥ ಕುರ್ತಕೋಟಿಯವರ 'ಯುಗಧರ್ಮ ಹಾಗೂ ಸಾಹಿತ್ಯ ದರ್ಶನ' (1962) ಇವೆಲ್ಲ ಆದಮೇಲೆ. ಒಂದೊಂದು ಕೃತಿಯಿಂದ ಇಡೀ ಕಾಲವನ್ನೇ ನೋಡುವ ಎತ್ತರ ಅದರದು.

ಆಮೇಲೆ ನೀವೇ ಬರೆಯಿರಿ

ಪುಸ್ತಕ ಮುಗಿಸಿದ ದಿನವೇ ಒಂದು ಪುಟ ಬರೆಯಿರಿ. ಕಥೆಯ ಸಾರಾಂಶಕ್ಕೆ ನಾಲ್ಕು ಸಾಲು ಸಾಕು. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಜಾಗ ಯಾವುದು, ಯಾಕೆ ಎಂದು ಉಳಿದ ಪುಟದಲ್ಲಿ ಹೇಳಿ. ಒಪ್ಪದ ಮಾತಿದ್ದರೆ ಮುಚ್ಚಿಡಬೇಡಿ. ಬರೆದವರನ್ನು ಬಿಟ್ಟು ಬರಹದ ಬಗ್ಗೆ ಮಾತಾಡಿ. ಬರೆದದ್ದನ್ನು ಗೆಳೆಯರಿಗೆ ಕೊಡಿ, ಪತ್ರಿಕೆಗೆ ಕಳಿಸಿ, ಊರಿನ ಗ್ರಂಥಾಲಯದ ಓದುಗರೆದುರು ಓದಿ. ಕನ್ನಡದ ಒಳ್ಳೆಯ ಪುಸ್ತಕಗಳಿಗೆ ದೊಡ್ಡ ಜಾಹೀರಾತುಗಳಿಲ್ಲ. ಓದಿದವರು ಬಾಯಿಬಿಟ್ಟು ಹೇಳಿದರಷ್ಟೇ ಅವು ಮುಂದಿನವರ ಕೈ ಸೇರುತ್ತವೆ. ದಯವಿಟ್ಟು ಹೇಳಿ.