ದುಡಿಯೋ ಲಾರಿಗೆ ‘ವಿಂಟೇಜ್’ ಪಟ್ಟ ಯಾಕಿಲ್ಲ?

ವಿಂಟೇಜ್ ಕಾರುಗಳ ಮೆರವಣಿಗೆ ಅಂದರೆ ನಮಗೆಲ್ಲ ಖುಷಿ. ಕ್ರೋಮ್ ಮೇಲೆ ಒಂದು ಬೆರಳಚ್ಚೂ ಇರಲ್ಲ. ಸೆಲ್ಫಿ ತಗೊಂಡು, ಫಿಲ್ಟರ್ ಕಾಫಿ ಕುಡಿದು ಬರ್ತೀವಿ. ಆದರೆ ಆ ಸಾಲಿನಲ್ಲಿ ಲಾರಿ ಕಾಣೋದು ಅಪರೂಪ. ಯಾಕೆ ಅನ್ನೋದಕ್ಕೆ ಉತ್ತರ ಕಾನೂನಿನಲ್ಲೇ ಇದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ನಿಯಮ ತಂತು. ವಯಸ್ಸು 50 ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಟ್ಟದ ರಿಪೇರಿ ಆಗಿರಬಾರದು, ವ್ಯಾಪಾರಕ್ಕೆ ಬಳಸಬಾರದು. ನೋಂದಣಿಗೆ 20,000 ರೂಪಾಯಿ. ಅತ್ತ 15 ವರ್ಷ ದಾಟಿದ ಲಾರಿಯ ಫಿಟ್ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ 12,500ಕ್ಕೆ ಏರಿತು. ಒಟ್ಟಿನಲ್ಲಿ, ನಿಂತ ಗಾಡಿಗೆ ಸನ್ಮಾನ, ದುಡಿಯೋ ಗಾಡಿಗೆ ಮನೆಗೆ ಹೋಗು ಅನ್ನೋ ಸೂಚನೆ. ನನ್ನ ತಕರಾರು ಇಷ್ಟೇ: ನಾವು ‘ಹಳೆಯದು’ ಅಂತ ಮೆಚ್ಚೋದು ಬರೀ ರೂಪವನ್ನ, ಅದರ ಕೆಲಸವನ್ನಲ್ಲ.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೇ ಟಾಟಾ 1210 ಇದೆ. ತೆಂಗಿನಕಾಯಿ ಹೊರುತ್ತೆ. ಐವತ್ತು ತುಂಬಿದರೂ ಅದಕ್ಕೆ ಆ ಪಟ್ಟ ಸಿಗಲ್ಲ. ಹೋದ ವರ್ಷ ಹಿಂದಿನ ಹೌಸಿಂಗ್‌ನಿಂದ ಗುಂಯ್ ಅನ್ನೋ ಸದ್ದು ಶುರುವಾಯ್ತು. ಮೊದಲು ನೋಡಿದ ಗ್ಯಾರೇಜಿನವರು, “ಈ ಮಾಡೆಲ್‌ಗೆ ಸಾಮಾನು ಬರಲ್ಲ ಯಜಮಾನ್ರೇ, ಗುಜರಿಗೆ ಹಾಕಿಬಿಡಿ” ಅಂದರು. ದೊಡ್ಡಪ್ಪ ಫೋನ್ ಮಾಡಿ, “ನೀನು ಕಂಪ್ಯೂಟರ್‌ನಲ್ಲಿ ಹುಡುಕೋ ಮಗಾ” ಅಂದರು.

ಹುಡುಕಿದಾಗ ತಿಳಿದಿದ್ದು: ಹಳೇ ಲಾರಿಯ ಸಾಮಾನಿನ ಬೆಲೆ ನಿರ್ಧಾರ ಆಗೋದು ಅದರ ವಯಸ್ಸಿನಿಂದಲ್ಲ, ಅದರ ನೆಂಟರ ಸಂಖ್ಯೆಯಿಂದ. ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡ್ತು. 1969ರಲ್ಲಿ ಒಪ್ಪಂದ ಮುಗೀತು. ಮುಂಭಾಗದಲ್ಲಿದ್ದ ನಕ್ಷತ್ರ ಹೋಯ್ತು, ಅದರ ಜಾಗಕ್ಕೆ ಟಾಟಾದ ಗುರುತು ಬಂತು. ಆದರೆ ಒಳಗಿನ ವಿನ್ಯಾಸ ಮುಂದಿನ ಲಾರಿ, ಬಸ್ಸುಗಳಲ್ಲಿ ಬಹಳ ಕಾಲ ಬದುಕಿತ್ತು. ಹಾಗಾಗಿ ಟಾಟಾದ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತೆ. ಅದೇ ಕಾಲದ ಬೆಡ್‌ಫರ್ಡ್, ಫಾರ್ಗೊ ಲಾರಿಗಳಿಗೆ ಅಷ್ಟು ನೆಂಟರಿಲ್ಲ. ಅವುಗಳ ಮಾಲೀಕರ ಪಾಡು ಬೇರೆ.

ಎರಡನೇ ಗುಟ್ಟು ನಂಬರಿನಲ್ಲಿದೆ. ಬೇರಿಂಗ್ ತಗೊಳ್ಳಿ. 6308 ಅಂದರೆ ಒಳವ್ಯಾಸ 40 ಮಿ.ಮೀ., ಹೊರವ್ಯಾಸ 90, ಅಗಲ 23. ಯಾವ ದೇಶದ, ಯಾವ ಕಂಪನಿಯದಾದರೂ ಅಷ್ಟೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಇಂಟರ್‌ಫೇಸ್ ಬದಲಾಗಿಲ್ಲ. ಕಂಪನಿ ಡಬ್ಬದ ಬೆಲೆ ಕೊಡೋ ಬದಲು ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ ಕಪ್ಪಿನ ವ್ಯಾಸ, ಆ ತುದಿಯಿಂದ ಈ ತುದಿಗೆ ಉದ್ದ, ಇವೆರಡು ಅಳತೆ ಬೇಕು. ಕ್ಲಚ್ ಪ್ಲೇಟ್ ಸವೆದಿದ್ದರೆ, ಒಳಗಿನ ಹಬ್ ಗಟ್ಟಿಯಿದ್ದರೆ, ಹೊಸ ಲೈನಿಂಗ್ ರಿವಿಟ್ ಹೊಡೆಸಬಹುದು.

ಕ್ರೌನ್-ಪಿನಿಯನ್ನಿಗೆ ಮಾತ್ರ ಈ ಉಳಿತಾಯ ನಡೆಯಲ್ಲ. ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರ್ತಾರೆ, ಜೋಡಿಯಾಗೇ ತರಬೇಕು. ಮೊದಲು ಹಲ್ಲು ಎಣಿಸಬೇಕು. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 6 ಇದ್ದರೆ ಶಾಫ್ಟ್ 6.83 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಬೇರೆ ಅನುಪಾತದ್ದು ಹಾಕಿದರೆ ಎಳೆತ, ವೇಗ ಎರಡೂ ಬದಲಾಗುತ್ತೆ. ತೀರಾ ಅಗ್ಗದ್ದೂ ಬೇಡ. ಸರಿಯಾಗಿ ಹದ ಹಾಕದ ಉಕ್ಕಿನ ಹಲ್ಲು ಲೋಡ್ ಬಿದ್ದಾಗ ಚಕ್ಕೆ ಏಳುತ್ತೆ, ಮತ್ತೆ ಅದೇ ಖರ್ಚು.

ಹಳೇ ಲಾರಿ ಹೊಗೆ ಉಗುಳುತ್ತೆ ಅನ್ನೋ ವಾದವೂ ಇದೆ, ಸರಿಯಾದ ವಾದವೇ. ಬ್ರೇಕ್ ಹಿಡಿಯದ, ಹೊಗೆ ಮಿತಿ ಮೀರಿದ ಗಾಡಿ ನಿಲ್ಲಲಿ. ಆದರೆ ಅದು ಪರೀಕ್ಷೆಯಲ್ಲಿ ಸೋತು ನಿಲ್ಲಬೇಕು, ಒಂದು ಭಾಗದ ಅಳತೆ ಯಾರಿಗೂ ಗೊತ್ತಿಲ್ಲ ಅನ್ನೋ ಕಾರಣಕ್ಕಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಪೋರ್ಟಲ್ ಶುರು ಮಾಡ್ತು. ವಾಹನಗಳೂ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಒಳ್ಳೆಯ ಹೆಜ್ಜೆ. ಆದರೆ ನಿಜವಾದ ಹಕ್ಕು ಅಂದರೆ, ಕಂಪನಿ ಒಂದು ಭಾಗ ಮಾಡೋದು ನಿಲ್ಲಿಸಿದ ದಿನ ಅದರ ನಕ್ಷೆ, ಹಲ್ಲಿನ ಲೆಕ್ಕ, ಉಕ್ಕಿನ ದರ್ಜೆ ಎಲ್ಲವನ್ನೂ ಬಿಟ್ಟುಕೊಡಬೇಕು. ಬೆಂಬಲ ನಿಲ್ಲಿಸಿದ ಸಾಫ್ಟ್‌ವೇರಿಗೆ ನಾವು ಸೋರ್ಸ್ ಕೋಡ್ ಕೇಳ್ತೀವಲ್ಲ, ಹಾಗೇ. ಕಂಪನಿಗೆ ಅದರಿಂದ ನಷ್ಟವೇನು? ಅವರು ಮಾರದೇ ಇರೋ ವಸ್ತು ತಾನೇ!

ದೊಡ್ಡಪ್ಪನ ಲಾರಿಗೆ ಜೋಡಿ ಸಿಕ್ಕಿತು, ಓಡ್ತಿದೆ. ನಿಮ್ಮ ಊರಲ್ಲೂ ಹಳೇ ಲಾರಿಯೋ ಟ್ರ್ಯಾಕ್ಟರೋ ಇರಬಹುದು. ಮುಂದಿನ ಸಲ ಅದು ಬಿಚ್ಚಿ ಮಲಗಿದಾಗ ಬೇರಿಂಗ್ ಮೇಲಿನ ನಂಬರ್, ಹಲ್ಲಿನ ಲೆಕ್ಕ, ಕ್ರಾಸಿನ ಅಳತೆ ಬರೆದಿಟ್ಟು ಮನೆಯವರಿಗೆ ಒಂದು ಪ್ರತಿ ಕೊಡಿ. ಅಕ್ಷರ ಸವೆದ ಮೇಲೆ ಯಾವ ಅಂಗಡಿಯವನೂ ಹೇಳಲಾರ.